ಅಣ್ಣನ ವಾರ, ತಮ್ಮನ ವಾರ

ದೋಣಿಗಳು ನಿಲ್ಲುವ ದಕ್ಕೆಯ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಉದ್ದನೆಯ ಶೆಡ್ಡೊಂದಿತ್ತು. ಅದರ ಅರ್ಧ ಭಾಗದಲ್ಲಿ ಗಂಡ ಹಾಯಿ ಹೊಲಿಯುತ್ತಿದ್ದ. ಉಳಿದರ್ಧದಲ್ಲಿ ಹೆಂಡತಿ ದೋಣಿಗಳ ದಿಕ್ಸೂಚಿ, ಆಟೋಪೈಲಟ್, ನೀರಿನ ಆಳ ಅಳೆಯುವ ಯಂತ್ರ ಇಂಥವನ್ನೆಲ್ಲ ಬಿಚ್ಚಿ ಕೂಡಿಸುತ್ತಿದ್ದಳು. ಅವನದು ದಾರದ ಸೂಜಿ, ಇವಳದು ದಿಕ್ಕಿನ ಸೂಜಿ. ದಕ್ಕೆಯವರು ಅವಳಿಗೆ ಸೂಜಿಯಕ್ಕ ಎಂದು ಹೆಸರಿಟ್ಟುಬಿಟ್ಟಿದ್ದರು. ವರ್ಷಗಟ್ಟಲೆ ಸೂಜಿ ಹಿಡಿದು ಬೆರಳೆಲ್ಲ ತೂತು ಮಾಡಿಕೊಂಡ ತನಗೆ ಸಿಗದ ಹೆಸರು, ಬಟ್ಟೆಗೆ ಗುಂಡಿ ಹಚ್ಚಲೂ ಬಾರದ ಇವಳಿಗೆ ಸಿಕ್ಕಿತಲ್ಲ ಎಂದು ಗಂಡ ಆಗಾಗ ಗೊಣಗುವುದಿತ್ತು. ಅವಳೂ ಸುಮ್ಮನಿರುತ್ತಿರಲಿಲ್ಲ.

“ನಿಮ್ಮ ಸೂಜಿ ಕಳೆದುಹೋದ್ರೆ ನನ್ನ ಕಾಲಿಗೆ ಚುಚ್ಚಿ ಸಿಗುತ್ತೆ. ನನ್ನದು ತಪ್ಪಿದ್ರೆ ಜನ ಬಂಡೆಗೆ ಹೋಗಿ ಬಡೀತಾರೆ. ಹೆಸರು ಯಾರಿಗೆ ಬರಬೇಕು, ನೀವೇ ಹೇಳಿ.”

ಅವಳ ಕೆಲಸದ ಮೇಲೆ ದೂರು ಬಂದದ್ದು ಕಡಿಮೆ. ಅದಕ್ಕೇ ಆ ವರ್ಷ ಒಂದೇ ಒಂದು ದೋಣಿ ಅವಳನ್ನು ಮತ್ತೆ ಮತ್ತೆ ಕಾಡಿದಾಗ ಅವಳಿಗೆ ಅನ್ನ ರುಚಿಸದ ಹಾಗಾಯಿತು.

ಅದು ಬಿಳಿ ಮೈಯ, ಒಂಟಿ ಕಂಬದ ಹಳೆಯ ಹಾಯಿದೋಣಿ. ಇಬ್ಬರು ಅಣ್ಣತಮ್ಮಂದಿರಿಗೆ ಸೇರಿದ್ದು. ಅಣ್ಣ ಹಲ್ಲಿನ ಡಾಕ್ಟರು, ತಮ್ಮನದು ಕನ್ನಡಕದ ಅಂಗಡಿ. ಊರಿನವರ ಬಾಯಿ ಬಿಡಿಸುವುದು ಅಣ್ಣನ ಕಸುಬು, ಊರಿನವರ ಕಣ್ಣು ತಿದ್ದುವುದು ತಮ್ಮನದು. ಆದರೆ ಅವರಿಬ್ಬರಿಗೆ ಮಾತ್ರ ಮಾತೂ ಇಲ್ಲ, ಮುಖ ನೋಡುವುದೂ ಇಲ್ಲ. ದೋಣಿಯನ್ನು ತಂದೆ ಇಬ್ಬರ ಹೆಸರಿಗೂ ಸೇರಿಸಿ ಬಿಟ್ಟುಹೋಗಿದ್ದರು. ತಾಯಿ ಇರುವತನಕ ಇಬ್ಬರೂ ಒಟ್ಟಿಗೇ ಸಮುದ್ರಕ್ಕೆ ಹೋಗುತ್ತಿದ್ದರಂತೆ. ತಾಯಿ ಹೋದ ದಿನವೇ ಏನೋ ಆಯಿತು. ಅಲ್ಲಿಂದ ಮುಂದೆ ಮಾತು ನಿಂತಿತು. ದೋಣಿ ಮಾರಲು ಇಬ್ಬರಿಗೂ ಮನಸ್ಸಿಲ್ಲ, ಜೊತೆಯಾಗಿ ಹತ್ತಲು ಇಬ್ಬರಿಗೂ ಆಗದು. ಕೊನೆಗೆ ಸೋದರಮಾವನೊಬ್ಬ ನಡುವೆ ಕೂತು, ಒಂದು ವಾರ ಅಣ್ಣನದು, ಮರುವಾರ ತಮ್ಮನದು ಎಂದು ತೀರ್ಮಾನಿಸಿದ್ದ. ದೋಣಿಗೆ ತಾನೇ ಚುಕ್ಕಾಣಿ ತಿರುಗಿಸುವ ಆಟೋಪೈಲಟ್ ಹಾಕಿಸುವ ಮಾತು ಬಂದಾಗಲೂ ಇಬ್ಬರ ಒಪ್ಪಿಗೆಯನ್ನು ಅತ್ತಿಂದಿತ್ತ ಹೊತ್ತದ್ದು ಆ ಮಾವನೇ.

ಯಂತ್ರವನ್ನು ಕೂರಿಸಿದ್ದು ಸೂಜಿಯಕ್ಕನೇ. ಅದಕ್ಕೆ ದಿಕ್ಕು ಹೇಳಿಕೊಡುವ ದಿನ ಬಿದ್ದದ್ದು ಅಣ್ಣನ ವಾರದಲ್ಲಿ.

“ದಿನವಿಡೀ ಇನ್ನೊಬ್ಬರ ಬಾಯಿಗೆ ಬಗ್ಗಿ ಬಗ್ಗಿ ನನ್ನ ಭುಜ ಹಿಡ್ಕೊಂಡುಬಿಟ್ಟಿದೆ ಕಣಮ್ಮ,” ಎಂದರು ಡಾಕ್ಟರು, ಚುಕ್ಕಾಣಿಯ ಚಕ್ರ ಹಿಡಿಯುತ್ತ. “ಇದೊಂದು ನೆಟ್ಟಗೆ ಕೆಲಸ ಮಾಡಿದ್ರೆ ಸಾಕು, ನಾನು ಸುಮ್ಮನೆ ಕೂತು ನೀರು ನೋಡ್ತೀನಿ.”

ಒಳಕೋಣೆಯ ನಡುವಿನ ಕಪಾಟಿನಲ್ಲಿ ಅಂಗೈಯಗಲದ ಕರಿ ಡಬ್ಬಿಯೊಂದನ್ನು ಅವಳು ತಿರುಪು ಹಾಕಿ ಕೂರಿಸಿದ್ದಳು. ದೋಣಿಯ ಮೂಗು ಯಾವ ದಿಕ್ಕಿಗಿದೆ ಎಂದು ಆಟೋಪೈಲಟ್‌ಗೆ ತಿಳಿಸುವ ಸೆನ್ಸರ್ ಅದು. ಹತ್ತಿರದಲ್ಲಿ ಕಬ್ಬಿಣವೋ ಅಯಸ್ಕಾಂತವೋ ಇದ್ದರೆ ಅದಕ್ಕೆ ಮಂಕು ಬಡಿದಂತಾಗಿ ಸುಳ್ಳು ದಿಕ್ಕು ಹೇಳುತ್ತದೆ. ಎಂಜಿನ್, ಲಂಗರಿನ ಸರಪಳಿ ಇವೆಲ್ಲ ಕಬ್ಬಿಣವೇ. ಆದರೆ ಅವು ಇದ್ದಲ್ಲೇ ಇರುವಂಥವು, ಅದಕ್ಕೆ ಉಪಾಯವಿದೆ. ಅಲೆಯಿಲ್ಲದ ನೀರಿನಲ್ಲಿ ದೋಣಿಯನ್ನು ಮೆಲ್ಲಗೆ, ಒಂದೇ ಹದದಲ್ಲಿ ಗುಂಡಗೆ ಸುತ್ತಿಸಬೇಕು. ಯಾವ ಕಡೆ ತಿರುಗಿದಾಗ ಎಷ್ಟು ತಪ್ಪುತ್ತಿದ್ದೇನೆ ಎಂದು ಸೆನ್ಸರ್ ತಾನೇ ಕಲಿತು, ಮುಂದೆ ಅಷ್ಟನ್ನು ಕಳೆದು ಹೇಳುತ್ತದೆ.

“ಈ ಕಪಾಟಲ್ಲಿ ಒಂದು ಚಮಚಾನೂ ಇಡಬಾರದು ಸಾರ್,” ಎಂದಳು ಸೂಜಿಯಕ್ಕ. “ನಿಮ್ಮ ತಮ್ಮನವರಿಗೂ ಹೇಳಿಬಿಡಿ.”

“ನೀನೇ ಹೇಳಮ್ಮ,” ಎಂದರು ಡಾಕ್ಟರು.

ಅಲೆತಡೆ ಗೋಡೆಯ ಒಳಗಿನ ನೀರು ಆ ಬೆಳಿಗ್ಗೆ ಎಣ್ಣೆಯ ಹಾಗೆ ನಿಂತಿತ್ತು. ಎಂಜಿನನ್ನು ಸಣ್ಣಗೆ ಇಟ್ಟು ಡಾಕ್ಟರು ದೋಣಿಯನ್ನು ಸುತ್ತಿಸಿದರು. ಅವರ ಕೈ ಹದವಾದ ಕೈ. ನೋವಾಗದಂತೆ ಹಲ್ಲು ಕೀಳುವವರದಲ್ಲವೇ! ಸ್ಕ್ರೀನಿನ ಮೇಲೆ ವೃತ್ತ ತುಂಬುತ್ತ ಬಂದು, ಸರಿಹೋಯಿತು ಎಂಬ ಹಸಿರು ಗುರುತು ಬಿತ್ತು. ಆಮೇಲೆ ದಡದ ನೀರಿನ ಟ್ಯಾಂಕೂ ಹಳೆಯ ಹೊಗೆಗೊಳವೆಯೂ ಒಂದರ ಹಿಂದೊಂದು ಒಂದೇ ಗೆರೆಗೆ ಬರುವ ಜಾಗಕ್ಕೆ ದೋಣಿ ತಂದು, ನಕ್ಷೆ ಹೇಳುವ ದಿಕ್ಕಿಗೂ ಸ್ಕ್ರೀನು ಹೇಳುವ ದಿಕ್ಕಿಗೂ ತಾಳೆ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸೂಜಿಯಕ್ಕ ಖುಷಿಯಿಂದ ಮನೆಗೆ ಬಂದು ಹೊಟ್ಟೆತುಂಬ ಉಂಡಳು.

ಮರುವಾರ ಕನ್ನಡಕದವರು ಶೆಡ್ಡಿಗೆ ಬಂದರು. ಅಣ್ಣನಷ್ಟು ಎತ್ತರವಿಲ್ಲ, ಅಣ್ಣನಷ್ಟು ಮೌನಿಯೂ ಅಲ್ಲ. ಬಾಗಿಲಲ್ಲೇ ಶುರುಮಾಡಿದರು.

“ಏನಕ್ಕಾ ನಿನ್ನ ಯಂತ್ರ! ದೀಪಸ್ತಂಭದ ಕಡೆ ಹೋಗು ಅಂತ ಬಟನ್ ಒತ್ತಿದ್ರೆ ಮೀನು ಮಾರೋ ಕಟ್ಟೆ ಕಡೆ ಹೋಗುತ್ತೆ. ಅದಕ್ಕೇನು ಹಸಿವಾ?”

ಅವಳು ಹೋಗಿ ನೋಡಿದಳು. ಅವರು ಹೇಳಿದ್ದು ನಿಜ. ಉತ್ತರಕ್ಕೆ ಹೊರಟರೆ ಅಷ್ಟೇನೂ ತಪ್ಪಿಲ್ಲ. ಪೂರ್ವಕ್ಕೆ ತಿರುಗಿಸಿದರೆ ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. ಕಪಾಟು ತೆಗೆದು ನೋಡಿದಳು, ಒಳಗೆ ಏನೂ ಇಲ್ಲ. ತಂತಿಗಳೆಲ್ಲ ಬಿಗಿಯಾಗಿದ್ದವು. ಸರಿ, ಇನ್ನೊಮ್ಮೆ ಸುತ್ತಿಸಿದರು. ಹಸಿರು ಗುರುತು ಬಿತ್ತು, ಎಲ್ಲ ಸರಿಹೋಯಿತು. ಹೊರಡುವಾಗ ಕನ್ನಡಕದವರು, “ಹಾಗಾದ್ರೆ ಕೆಟ್ಟಿದ್ದು ಹೇಗೆ?” ಎಂದು ಕೇಳಿದರು. ತನಗೆ ಗೊತ್ತಿಲ್ಲ ಎಂದು ಹೇಳುವ ಬದಲು ಅವಳ ಬಾಯಿಂದ ಒಂದು ಮಾತು ಜಾರಿತು.

“ಯಾರೋ ಕೈಯಾಡಿಸಿರಬೇಕು ಸಾರ್.”

ಕನ್ನಡಕದವರು ತಿರುಗಿ ಕಪಾಟಿನ ಕಡೆ ನೋಡಿದರು. ದೋಣಿಯಲ್ಲಿ ಕೈಯಾಡಿಸಲು ಅವರನ್ನು ಬಿಟ್ಟರೆ ಇನ್ನೊಬ್ಬರೇ ಇದ್ದದ್ದು. ಅದು ಅವಳಿಗೂ ಹೊಳೆಯಿತು, ಆದರೆ ಆಡಿಯಾಗಿತ್ತು.

ಆ ಮಾತು ಮಾವನ ಬಾಯಿಯ ದಾರಿ ಹಿಡಿದು ಡಾಕ್ಟರ ಕಿವಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಷ್ಟರಲ್ಲಿ ಅಣ್ಣನ ವಾರ ಬಂತು. ಅವರು ಆಟೋಪೈಲಟ್ ನಂಬಿ, ಕಣ್ಣು ಮುಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದಾಗ ದೋಣಿ ಮೆಲ್ಲಗೆ ಬದಿಗೆ ಸರಿದು, ನದಿ ಸಮುದ್ರಕ್ಕೆ ಸೇರುವಲ್ಲಿನ ಮರಳದಿಬ್ಬಕ್ಕೆ ಹೊಟ್ಟೆ ಉಜ್ಜಿತು. ನೀರು ಏರುವವರೆಗೂ ಅಲ್ಲೇ ವಾಲಿಕೊಂಡು ಕೂರಬೇಕಾಯಿತು. ದಾಟಿಹೋದ ಮೀನಿನ ದೋಣಿಯವರೆಲ್ಲ ಕೈಬೀಸಿ, “ಡಾಕ್ಟ್ರೇ, ಹಲ್ಲು ನೋವಾ?” ಎಂದು ನಕ್ಕು ಹೋದರು. ಡಾಕ್ಟರಿಗೆ ನಗು ಬರಲಿಲ್ಲ.

“ನಾನು ಕೈಯಾಡಿಸ್ದೆ ಅಂತ ಅವನು ಊರೆಲ್ಲ ಹೇಳ್ಕೊಂಡು ಬಂದ. ಈಗ ನೋಡು, ಅವನೇ ಏನು ಮಾಡಿಟ್ಟಿದಾನೆ!” ಎಂದು ಅವಳ ಎದುರು ನಿಂತು ಹೇಳಿದರು. ಅವರು ದನಿ ಏರಿಸಿದ್ದನ್ನು ಅವಳು ಅದೇ ಮೊದಲು ಕೇಳಿದ್ದು.

ಅವಳು ಶೆಡ್ಡಿನಲ್ಲಿದ್ದ ತನ್ನ ಕಪಾಟಿನಿಂದ ಹೊಸ ಸೆನ್ಸರ್ ತೆಗೆದುಕೊಂಡು ಹೋಗಿ ಹಾಕಿದಳು. ಮತ್ತೆ ಸುತ್ತು, ಮತ್ತೆ ಹಸಿರು ಗುರುತು. ಡಾಕ್ಟರು ದೋಣಿಯ ಕಪಾಟಿಗೆ ಬೀಗ ಜಡಿದರು.

ಮರುವಾರ ಕನ್ನಡಕದವರು ಶೆಡ್ಡಿನ ಒಳಗೂ ಬರಲಿಲ್ಲ. ಓಣಿಯಲ್ಲಿ ನಿಂತೇ ಕೂಗಿದರು. “ಅಕ್ಕಾ, ದೋಣಿ ಮತ್ತೆ ಅಡ್ಡಡ್ಡ ಹೋಗ್ತಿದೆ. ಅದು ಹಾಳಾಗ್ಲಿ. ನಮ್ಮಪ್ಪನ ದೋಣೀಲಿ ನನಗೇ ಬೀಗ ಹಾಕಿದಾರಲ್ಲ, ನಾನೇನು ಕಳ್ಳನಾ? ಕೀಲಿ ನಿನ್ನ ಹತ್ರ ಇದ್ಯಾ?”

ಅವಳ ಹತ್ತಿರ ಕೀಲಿ ಇರಲಿಲ್ಲ. ಅವರು ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಯಂತ್ರ ಕೆಟ್ಟದ್ದಕ್ಕಿಂತ ಆ ಬೀಗ ಅವಳನ್ನು ಹೆಚ್ಚು ಚುಚ್ಚಿತು. ಅದು ತನ್ನ ಬಾಯಿಂದ ಬಿದ್ದ ಮಾತಿಗೆ ಜಡಿದ ಬೀಗವೇ ಅಲ್ಲವೇ? ಮೊದಲೇ ಮಾತು ಬಿಟ್ಟವರು. ಅವರ ನಡುವೆ ತಾನು ಹೋಗಿ ಇನ್ನೊಂದು ಕಲ್ಲು ಇಟ್ಟು ಬಂದ ಹಾಗಾಯಿತು.

ಗಂಡ ನೆಲದ ಮೇಲೆ ನೀಲಿ ಬಟ್ಟೆ ಹರವಿಕೊಂಡು ಅಂಚು ಮಡಚುತ್ತಿದ್ದ. ಹೆಂಡತಿಯ ಮುಖ ನೋಡಿ, ನಗಿಸಲೆಂದು ಅಂದ: “ನಿನಗೆ ಅವರಿಂದ ತಲೆನೋವು. ನನಗೆ ನೋಡು, ಡಬಲ್ ಕೆಲಸ. ಇದು ಕನ್ನಡಕದವರ ಹಾಯಿ ಹೊದಿಕೆ, ನೀಲಿ. ಡಾಕ್ಟರದ್ದು ಹಸಿರು. ಒಂದು ಹಾಯಿಗೆ ಎರಡು ಹೊದಿಕೆ ಎಲ್ಲಾದ್ರೂ ಕೇಳಿದ್ಯಾ? ಹಾಸಿಗೇನೂ ಬೇರೆ ಬೇರೆ. ವಾರ ಮುಗಿದ್ರೆ ಸಾಕು, ಉಪ್ಪಿನ ಡಬ್ಬಿವರೆಗೂ ಇಳಿಸ್ಕೊಂಡು ಹೋಗ್ತಾರೆ. ಬಾಡಿಗೆ ಮನೆ ಖಾಲಿ ಮಾಡೋರ ಹಾಗೆ.”

ಸೂಜಿಯಕ್ಕ ತಲೆ ಎತ್ತಿದಳು. “ಎಲ್ಲಾನೂ ಇಳಿಸ್ತಾರಾ?”

“ಒಂದು ಲೋಟ ಬಿಡಲ್ಲ ಕಣೇ. ದಕ್ಕೇಲಿ ಇಬ್ಬರಿಗೂ ಒಂದೊಂದು ಮರದ ಪೆಟ್ಟಿಗೆ ಇದೆ, ಅದರಲ್ಲಿ ತುಂಬಿಡ್ತಾರೆ. ಡಾಕ್ಟರ ಕಬ್ಬಿಣದ ಸಾಮಾನಿನ ಪೆಟ್ಟಿಗೇನ ದೋಣಿಯಿಂದ ಇಳಿಸೋಕೆ ಒಂದು ಸಲ ನಾನೂ ಕೈ ಕೊಟ್ಟಿದ್ದೆ. ಅಬ್ಬಾ, ಏನು ಭಾರ! ಸ್ಪ್ಯಾನರು, ಸುತ್ತಿಗೆ, ಗರಗಸ, ಏನೇನೋ.”

ಅವಳು ದಡಕ್ಕನೆ ಎದ್ದಳು. ಕಪಾಟಿನ ಒಳಗೆ ಏನೂ ಇಡಬೇಡಿ ಎಂದು ಅವಳು ಹೇಳಿದ್ದಳು, ಇಬ್ಬರೂ ಇಟ್ಟಿರಲಿಲ್ಲ. ಕಪಾಟಿನ ಹಿಂಬದಿ ತೆಳ್ಳನೆಯ ಪ್ಲೈವುಡ್ ಹಲಗೆ. ಆ ಹಲಗೆಯ ಆಚೆ ಏನಿದೆ? ಮಲಗುವ ಮಂಚದ ಕೆಳಗಿನ ಗೂಡು. ಅದರ ಮುಚ್ಚಳ ಹಾಸಿಗೆಯಡಿ ಮುಚ್ಚಿಹೋಗಿರುತ್ತದೆ. ಅದನ್ನು ತೆಗೆದು ನೋಡಬೇಕೆಂದು ಒಂದು ಸಲವೂ ಅವಳಿಗೆ ತೋಚಿರಲಿಲ್ಲ. ಇಷ್ಟು ವರ್ಷ ಮಾಡಿದ ಕೆಲಸ! ಹಣೆ ಹಣೆ ಚಚ್ಚಿಕೊಂಡಳು.

ಒಬ್ಬಳೇ ಹೋಗಿ ಗೂಡು ತೆಗೆದು ನೋಡಬಹುದಿತ್ತು. ಆದರೆ ತಾನು ನೋಡಿ ಬಂದು ಹೇಳಿದರೆ, ಅಣ್ಣನಿಗೆ ತಮ್ಮನ ಮೇಲೆ, ತಮ್ಮನಿಗೆ ಅಣ್ಣನ ಮೇಲೆ ಇನ್ನೊಂದು ದೂರು ಸಿಕ್ಕಂತಾಗುತ್ತದೆ ಅಷ್ಟೇ. ಅವಳು ಇಬ್ಬರಿಗೂ ಫೋನ್ ಮಾಡಿದಳು. ಮಾತು ಒಂದೇ: “ಭಾನುವಾರ ಬೆಳಿಗ್ಗೆ ದಕ್ಕೆಗೆ ಬನ್ನಿ ಸಾರ್. ನಿಮ್ಮ ಸಾಮಾನೆಲ್ಲ ತನ್ನಿ, ದೋಣೀಲಿ ಎಲ್ಲೆಲ್ಲಿ ಇಡ್ತೀರೋ ಅಲ್ಲೇ ಇಡಬೇಕು.” ಇಬ್ಬರ ಉತ್ತರವೂ ಒಂದೇ: “ಅವರು ಬರ್ತಾರಾ?” ಎಂದರು ಕನ್ನಡಕದವರು. “ಅವನು ಬರ್ತಾನಾ?” ಎಂದರು ಡಾಕ್ಟರು. ಬಂದರೆ ತಾವು ಬರುವುದಿಲ್ಲ ಎಂಬಂತಿತ್ತು ದನಿ.

“ಇಬ್ಬರೂ ಬರದೇ ಇದ್ರೆ ನಾನು ಇನ್ನು ಆ ದೋಣಿ ಹತ್ತಲ್ಲ,” ಎಂದು ಇಬ್ಬರಿಗೂ ಹೇಳಿ ಫೋನ್ ಇಟ್ಟಳು. ಗಿರಾಕಿಗಳ ಹತ್ತಿರ ಹಾಗೆ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಭಾನುವಾರ ಇಬ್ಬರೂ ಬಂದರು. ಒಬ್ಬರು ದಕ್ಕೆಯ ಈ ತುದಿಯಲ್ಲಿ, ಇನ್ನೊಬ್ಬರು ಆ ತುದಿಯಲ್ಲಿ, ಬಸ್ಸಿಗೆ ಕಾಯುವ ಅಪರಿಚಿತರ ಹಾಗೆ ನಿಂತಿದ್ದರು. ಅವಳು ಮೊದಲು ಡಾಕ್ಟರನ್ನು ಕರೆದಳು. ಅವರು ಹಾಸಿಗೆ ಎತ್ತಿ, ಮಂಚದ ಕೆಳಗಿನ ಗೂಡಿಗೆ ಆ ಕಬ್ಬಿಣದ ಸಾಮಾನಿನ ಪೆಟ್ಟಿಗೆಯನ್ನು ಇಳಿಸಿದರು. “ಇಲ್ಲಿ ಇಟ್ಟರೆ ದೋಣಿ ವಾಲಲ್ಲ,” ಎಂದರು. ಸೂಜಿಯಕ್ಕ ಬೀಗ ತೆಗೆಸಿ, ಕೈಯಲ್ಲಿ ಹಿಡಿಯುವ ಚಿಕ್ಕ ದಿಕ್ಸೂಚಿಯನ್ನು ಕಪಾಟಿನೊಳಗೆ ಸೆನ್ಸರಿನ ಪಕ್ಕ ಹಿಡಿದಳು. ಮುಳ್ಳು ಗಿರಕ್ಕನೆ ತಿರುಗಿ, ಹಲಗೆಯ ಕಡೆಗೆ ಮೂಗು ಮಾಡಿ ನಿಂತಿತು.

“ಈಗ ಇದನ್ನ ತೆಗೀರಿ. ನೀವು ಬನ್ನಿ ಸಾರ್, ನಿಮ್ಮದು ಇಡಿ.”

ಕನ್ನಡಕದವರ ಕೈಯಲ್ಲಿದ್ದದ್ದು ಹಾಡು ಕೇಳುವ ದೊಡ್ಡ ಸ್ಪೀಕರು. ಅದರೊಳಗೆ ಮುಷ್ಟಿ ಗಾತ್ರದ ಅಯಸ್ಕಾಂತ. ಅದನ್ನೂ ಅದೇ ಗೂಡಿನಲ್ಲಿ, ಒದ್ದೆಯಾಗದಂತೆ ಟವೆಲ್ ಸುತ್ತಿ ಇಡುತ್ತಿದ್ದರು. ಚಿಕ್ಕ ದಿಕ್ಸೂಚಿಯ ಮುಳ್ಳು ಈ ಸಲ ಬೆಚ್ಚಿಬಿದ್ದ ಹಾಗೆ ಆ ಕಡೆಗೆ ತಿರುಗಿತು.

ಇಬ್ಬರೂ ಇಕ್ಕಟ್ಟಾದ ಆ ಕೋಣೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಬಗ್ಗಿ ಆ ಮುಳ್ಳನ್ನೇ ನೋಡುತ್ತಿದ್ದರು.

“ಯಂತ್ರ ನಿಮ್ಮ ಪೆಟ್ಟಿಗೆ ಇದ್ದಾಗ ಕಲಿತಿದ್ದು ಅವರ ವಾರಕ್ಕೆ ತಪ್ಪು. ಅವರ ಸ್ಪೀಕರ್ ಇದ್ದಾಗ ಕಲಿತಿದ್ದು ನಿಮ್ಮ ವಾರಕ್ಕೆ ತಪ್ಪು,” ಎಂದಳು ಸೂಜಿಯಕ್ಕ. “ಯಾರೂ ಕೈಯಾಡಿಸಿಲ್ಲ. ಹಾಗಂತ ಹೇಳಿದ್ದು ನಾನು, ನೋಡದೆ ಮಾಡದೆ ಹೇಳ್ಬಿಟ್ಟೆ. ಈ ಗೂಡು ತೆಗೆಸಿ ನೋಡ್ಬೇಕಾಗಿದ್ದು ನನ್ನ ಕೆಲಸ, ಅದನ್ನೂ ಮಾಡಲಿಲ್ಲ. ತಪ್ಪಾಯ್ತು.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ತಮ್ಮನ ಅಂಗಡಿಯದಲ್ಲ. ಬೇರೆ ಕಡೆ ಮಾಡಿಸಿದ್ದು. ಕನ್ನಡಕದವರ ಕಣ್ಣು ಅಭ್ಯಾಸಬಲದಿಂದ ಅದರ ಮೇಲೆ ಬಿತ್ತು. “ಆ ಫ್ರೇಮು ಮೂಗಿನ ಮೇಲೆ ನಿಲ್ತಿಲ್ಲ,” ಎಂದರು, ಗೋಡೆಗೆ ಹೇಳುವವರ ಹಾಗೆ. ಡಾಕ್ಟರೂ ಗೋಡೆಗೇ ಉತ್ತರ ಕೊಟ್ಟರು: “ಗೊತ್ತು.”

ಸೂಜಿಯಕ್ಕ ಚಿಕ್ಕ ದಿಕ್ಸೂಚಿ ಹಿಡಿದು ದೋಣಿಯ ಮೂಲೆ ಮೂಲೆ ಹುಡುಕಿದಳು. ಕೈಕಾಲು ತೊಳೆಯುವ ಪುಟ್ಟ ಕೋಣೆಯ ಹಿಂದೆ, ಇಬ್ಬರೂ ಏನೂ ಇಡದ ಸಣ್ಣ ಸಂದೊಂದು ಸಿಕ್ಕಿತು. ಮಂಚದ ಕೆಳಗಿನ ಗೂಡಿನಲ್ಲಿ ಪೆಟ್ಟಿಗೆ ಇಟ್ಟು ನೋಡಿದಳು, ಸ್ಪೀಕರ್ ಇಟ್ಟು ನೋಡಿದಳು, ಎರಡನ್ನೂ ಇಟ್ಟು ನೋಡಿದಳು. ಸಂದಿನಲ್ಲಿ ಹಿಡಿದ ದಿಕ್ಸೂಚಿಯ ಮುಳ್ಳು ಅಲ್ಲಾಡಲಿಲ್ಲ. ಸೆನ್ಸರನ್ನು ಅಲ್ಲಿಗೆ ಬದಲಾಯಿಸಿ ಕೂರಿಸಿದಳು. ಜಾಗ ಬದಲಾಯಿತೆಂದರೆ ಮತ್ತೆ ಮೊದಲಿನಿಂದ ಕಲಿಸಬೇಕು. ಎಂಜಿನ್ ಹಚ್ಚಿ, ಹಗ್ಗ ಬಿಚ್ಚಿ, ಅಲೆತಡೆಯ ಒಳಗಿನ ನೀರಿಗೆ ಹೊರಟರು.

ರಜೆಯ ದಿನವಾದ್ದರಿಂದ ಸಣ್ಣ ದೋಣಿಗಳು ಅಡ್ಡಾದಿಡ್ಡಿ ಓಡಾಡುತ್ತಿದ್ದವು. ಡಾಕ್ಟರು ಚಕ್ರ ಹಿಡಿದರು. ಮುಂದೆ ಯಾರು ಬರುತ್ತಿದ್ದಾರೆ ಎಂದು ನೋಡಿ ಹೇಳಲು ಕನ್ನಡಕದವರು ಕಂಬದ ಬುಡಕ್ಕೆ ಒರಗಿ ನಿಂತರು. ಸೂಜಿಯಕ್ಕ ಮೆಟ್ಟಿಲ ಕೆಳಗೆ ಸ್ಕ್ರೀನಿನ ಮುಂದೆ ಕೂತಳು. ಮೊದಲಿಗೆ ಕನ್ನಡಕದವರು, “ಅಕ್ಕಾ, ಎಡಕ್ಕೆ ಒಂದು ದೋಣಿ ಬರ್ತಿದೆ ಅಂತ ಹೇಳು,” ಎಂದು ಕೆಳಗೆ ಬಗ್ಗಿ ಕೂಗಿದರು.

“ಸಾರ್, ಚಕ್ರ ಇರೋದು ನನ್ನ ಕೈಯಲ್ಲಲ್ಲ. ಯಾರ ಕೈಲಿದ್ಯೋ ಅವರಿಗೇ ಹೇಳಿ!”

ಮೇಲಿಂದ, “ಎಡಕ್ಕೆ... ದೋಣಿ,” ಎಂಬ ದನಿ. “ಹೂಂ,” ಎಂಬ ಉತ್ತರ.

ವೃತ್ತ ತುಂಬತೊಡಗಿತು. ದಡ, ಗೋಡೆ, ತೆರೆದ ಸಮುದ್ರ, ಮತ್ತೆ ದಡ ಎಂದು ಕಿಟಕಿಯಲ್ಲಿ ಲೋಕ ಮೆಲ್ಲಗೆ ತಿರುಗುತ್ತಿತ್ತು. ದೋಣಿ ತೆರೆದ ಸಮುದ್ರದ ಕಡೆ ಮುಖ ಮಾಡಿದಾಗ ಕನ್ನಡಕದವರ ದನಿ ಕೇಳಿಸಿತು. ಈ ಸಲ ಅದರಲ್ಲಿ ದೋಣಿಯ ಸುದ್ದಿ ಇರಲಿಲ್ಲ.

“ಅವತ್ತು ಅಮ್ಮಾನೇ ನನ್ನ ಕಳಿಸಿದ್ದು.”

ಡಾಕ್ಟರ ಕೈ ಚಕ್ರವನ್ನು ಹದವಾಗಿ ತಿರುಗಿಸುತ್ತಲೇ ಇತ್ತು. ಕನ್ನಡಕದವರು ಮುಂದುವರಿಸಿದರು.

“ಮಲಗಿದಲ್ಲಿಂದಾನೇ, ದೀಪಸ್ತಂಭದ ಹತ್ರ ಗಾಳಿ ಹೇಗಿದೆ ನೋಡ್ಕೊಂಡು ಬಂದು ಹೇಳು ಅಂದ್ಲು. ನಾನು ಹೋದೆ. ಹೋದ ಮೇಲೆ ಗಾಳೀನೇ ಸತ್ತುಹೋಯ್ತು, ಎಂಜಿನ್ ಹತ್ತಲಿಲ್ಲ. ನಾನು ಬರೋ ಹೊತ್ತಿಗೆ ಎಲ್ಲಾ ಮುಗಿಸಿಬಿಟ್ಟಿದ್ದೆ ನೀನು. ಮಣ್ಣು ಮಾಡಿ ಬಂದು ಕೈ ತೊಳೀತಿದ್ದೆ. ಅದರ ಮೇಲೆ ನೀನು ಜನದ ಎದುರು, ಅಮ್ಮನ್ನ ಬಿಟ್ಟು ದೋಣಿ ಆಟಕ್ಕೆ ಹೋದ ಅಂದೆ. ಒಂದಿಷ್ಟು ಕಾಯಬಹುದಾಗಿತ್ತು ಅಣ್ಣ.”

“ಅಮ್ಮ ನಿನ್ನ ಕಳಿಸಿದ್ದು ನನಗೆ ಗೊತ್ತು,” ಎಂದರು ಡಾಕ್ಟರು. “ಪಕ್ಕದ ಕೋಣೇಲಿ ಇದ್ದೆ, ಕೇಳಿಸ್ತು.”

“ಗೊತ್ತಿತ್ತಾ?”

“ನೀನು ಹೋದ ಮೇಲೆ ಒಳಗೆ ಹೋದೆ. ನಗ್ತಾ ಇದ್ಲು. ಚಿಕ್ಕವನ ಕೈಲಿ ಇದನ್ನೆಲ್ಲ ನೋಡೋಕಾಗಲ್ಲ ಕಣೋ, ನಾನು ಹೋದ ಮೇಲೆ ಅವನಿಗೋಸ್ಕರ ಕಾಯಬೇಡ, ಮುಗಿಸಿಬಿಡು, ಅವನು ಬಂದ ಮೇಲೆ ಊಟ ಮಾಡಿಸು ಅಂದ್ಲು. ಅವಳು ಹೇಳಿದ ಹಾಗೆ ಮಾಡಿದೆ.”

“ಮತ್ತೆ ಜನದ ಎದುರು ಹಾಗ್ಯಾಕೆ ಅಂದೆ?”

ಸೂಜಿಯಕ್ಕನಿಗೆ ಮೇಲಿನವರ ಮುಖ ಕಾಣುತ್ತಿರಲಿಲ್ಲ, ಸ್ಕ್ರೀನಷ್ಟೇ ಕಾಣುತ್ತಿತ್ತು. ಅದರಲ್ಲಿ ದೋಣಿಯ ಸುತ್ತು ಸ್ವಲ್ಪ ಸೊಟ್ಟಗಾಯಿತು.

“ಹೊಟ್ಟೆಕಿಚ್ಚು,” ಎಂದರು ಡಾಕ್ಟರು. “ನಿನಗೆ ಸಮುದ್ರ ಸಿಕ್ತು. ನನಗೆ ಆ ಕೋಣೆ ಸಿಕ್ತು. ಅವಳ ಉಸಿರು ನಿಲ್ಲೋವರೆಗೂ ಕೂತು ನೋಡಿದೆ. ಆಮೇಲೆ ನೀನು ಬಿಸಿಲಲ್ಲಿ ಕೆಂಪಾಗಿ ಬಂದು ನಿಂತೆ ನೋಡು, ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಅಂದ ಮೇಲೆ ವಾಪಸು ತಗೊಳ್ಳೋಕೆ ಬರಲಿಲ್ಲ. ನೀನೂ ಊಟ ಮಾಡದೆ ಹೋಗಿಬಿಟ್ಟೆ.”

ಸ್ಕ್ರೀನಿನ ಮೇಲೆ ಹಸಿರು ಗುರುತು ಬಿತ್ತು. ಕೆಲಸ ಮುಗಿದಿತ್ತು. ಸೂಜಿಯಕ್ಕ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಮೇಲೆ ಯಾರೋ ಮೂಗೊರೆಸಿಕೊಂಡ ಸದ್ದು. ದೋಣಿ ಸುತ್ತುತ್ತಲೇ ಇತ್ತು. ದಡ ಬಂತು, ಗೋಡೆ ಬಂತು, ಸಮುದ್ರ ಬಂತು.

“ಇನ್ನೂ ಆಗಿಲ್ವೇನಮ್ಮ?” ಎಂದು ಡಾಕ್ಟರು ಬಹಳ ಹೊತ್ತಿನ ಮೇಲೆ ಕೇಳಿದರು.

“ಇನ್ನೊಂದೆರಡು ಸುತ್ತು ಹೋಗಲಿ ಸಾರ್,” ಎಂದಳು. “ಹೊಸ ಜಾಗ, ಅದಕ್ಕೂ ಒಗ್ಗಬೇಕು.”

ಕಡೆಗೆ ಅವಳು ಮೇಲೆ ಬಂದಾಗ ಚಕ್ರ ಕನ್ನಡಕದವರ ಕೈಯಲ್ಲಿತ್ತು. ಡಾಕ್ಟರು ಹಿಂದೆ ಕೂತು ಭುಜ ನೀವಿಕೊಳ್ಳುತ್ತಿದ್ದರು. ಇಬ್ಬರ ಕಣ್ಣೂ ಕೆಂಪಗಿದ್ದವು. ಗಾಳಿ ಏನೂ ಇರಲಿಲ್ಲ, ತಪ್ಪನ್ನು ಗಾಳಿಯ ಮೇಲೆ ಹಾಕುವಂತೆಯೂ ಇರಲಿಲ್ಲ.

ನೀರಿನ ಟ್ಯಾಂಕು, ಹೊಗೆಗೊಳವೆ ಒಂದು ಗೆರೆಗೆ ಬಂದವು. ಅಂಕಿ ಸರಿಯಾಗಿ ಕೂತಿತು. ಮಧ್ಯಾಹ್ನದ ಹೊತ್ತಿಗೆ ಸಣ್ಣಗೆ ಗಾಳಿ ಎದ್ದಿತು. ಹಾಯಿ ಏರಿಸಿ, ಎಂಜಿನ್ ನಿಲ್ಲಿಸಿ, ಅಲೆತಡೆಯ ಬಾಯಿ ದಾಟಿದರು. ಸೂಜಿಯಕ್ಕ ಬಟನ್ ಒತ್ತಿದಳು. ಚುಕ್ಕಾಣಿ ಮೊದಲು ಗಡಬಡಿಸಿ ಅತ್ತ ಇತ್ತ ಹೆಚ್ಚು ತಿರುಗುತ್ತಿತ್ತು. ಅವಳು ಯಂತ್ರದ ಚುರುಕನ್ನು ಒಂದಿಷ್ಟು ಇಳಿಸಿದಳು. ಅಲೆ ಬಂದಾಗ ತಡವಾಗಿ ಎಚ್ಚರಗೊಳ್ಳುತ್ತಿತ್ತು, ಒಂದಿಷ್ಟು ಏರಿಸಿದಳು. ಆಮೇಲೆ ಚಕ್ರ ತನ್ನಷ್ಟಕ್ಕೆ, ತೊಟ್ಟಿಲು ತೂಗುವವರ ಕೈಯ ಹಾಗೆ ಹಗುರವಾಗಿ ಆಡತೊಡಗಿತು. ದೋಣಿ ದೀಪಸ್ತಂಭಕ್ಕೆ ನೇರ ಮುಖಮಾಡಿ ಹೊರಟಿತು.

ಅಣ್ಣತಮ್ಮಂದಿರಿಗೆ ಈಗ ಮಾಡಲು ಕೆಲಸವೇ ಇರಲಿಲ್ಲ. ಎದುರುಬದುರು ಕೂತು, ಕೈ ಎಲ್ಲಿಡುವುದೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು.

“ಆ ಸ್ಪೀಕರ್‌ನಲ್ಲಿ ಏನು ಕೇಳ್ತೀಯ?” ಎಂದರು ಡಾಕ್ಟರು.

“ನಿನಗೆ ಇಷ್ಟ ಆಗಲ್ಲ.”

“ಕೇಳಿಸದೆ ಹೇಗೆ ಹೇಳ್ತೀಯ?”

ಕನ್ನಡಕದವರು ಕೆಳಗಿಳಿದು ಸ್ಪೀಕರ್ ತಂದು ಹಾಡು ಹಾಕಿದರು. ಡಾಕ್ಟರು ಮುಖ ಕಿವುಚಿಕೊಂಡು ಪೂರ್ತಿ ಕೇಳಿದರು. ಹಾಡು ಮುಗಿದ ಮೇಲೆ, “ಹಲ್ಲು ಕೊರೆಯೋ ಮಿಷನ್ನೇ ವಾಸಿ,” ಎಂದರು. ಕನ್ನಡಕದವರು ಮೊದಲು ತಡೆದುಕೊಂಡು, ಆಮೇಲೆ ತಡೆಯಲಾರದೆ ನಕ್ಕರು. ಡಾಕ್ಟರು ನಗಲಿಲ್ಲ, ಆದರೆ ಇನ್ನೊಂದು ಹಾಡು ಹಾಕು ಎಂದು ಕೈಸನ್ನೆ ಮಾಡಿದರು.

ದಕ್ಕೆಗೆ ಬಂದು ಹಗ್ಗ ಕಟ್ಟುವಾಗ ಗಂಟು ಹೇಗೆ ಹಾಕಬೇಕೆಂದು ಇಬ್ಬರಿಗೂ ಜಗಳವಾಯಿತು. ಬಾಯಿ ತುಂಬ ಜಗಳ. ಸೂಜಿಯಕ್ಕ ಚೀಲ ಹೆಗಲಿಗೇರಿಸಿ ನಡೆದಳು. ಓಣಿಯ ತಿರುವಿನವರೆಗೂ ಅವರ ದನಿ ಕೇಳಿಸುತ್ತಿತ್ತು.

“ಆಯ್ತಾ?” ಎಂದ ಗಂಡ.

“ಆಯ್ತು. ಜಗಳ ಆಡ್ತಿದಾರೆ,” ಎಂದಳು ಅವಳು, ಬೆಳಿಗ್ಗೆಯಿಂದ ಏನೂ ತಿನ್ನದವಳು ತಟ್ಟೆಗೆ ಕೈಹಾಕುತ್ತ. ಗಂಡನಿಗೆ ಅರ್ಥವಾಗಲಿಲ್ಲ. ಊಟ ಮುಗಿಸಿ ವಿವರವಾಗಿ ಹೇಳಿದಳು.

ಆಮೇಲೆ ವಾರ ಹಂಚಿಕೊಳ್ಳುವುದೇನೂ ತಕ್ಷಣ ನಿಲ್ಲಲಿಲ್ಲ. ಅಷ್ಟು ದಿನದ ರೂಢಿ, ಒಂದು ಬೆಳಿಗ್ಗೆಗೆ ಬಿಟ್ಟುಹೋಗುವಂಥದ್ದಲ್ಲ. ಒಂದು ದಿನ ಅಣ್ಣನ ವಾರದಲ್ಲಿ ತಮ್ಮ ಕಂಡರು, ಇನ್ನೊಮ್ಮೆ ತಮ್ಮನ ವಾರದಲ್ಲಿ ಅಣ್ಣ ಕಂಡರು. ಮಾವನಿಗೆ ಮಾತು ಹೊರುವ ಕೆಲಸ ತಪ್ಪಿ, ಅವನು ದಕ್ಕೆಯ ಬೆಂಚಿನ ಮೇಲೆ ಕೂತು ಸೂಜಿಯಕ್ಕನಿಗೆ ಬೇರೆಯವರ ಸುದ್ದಿ ಹೇಳತೊಡಗಿದ.

ಬಿಸಿಲು ಇಳಿದ ಒಂದು ಸಂಜೆ ಅವಳು ಯಾರದೋ ಆಳ ಅಳೆಯುವ ಯಂತ್ರ ಬಿಚ್ಚಿಕೊಂಡು ಕೂತಿದ್ದಾಗ ಫೋನ್ ಬಂತು. ಡಾಕ್ಟರು. ಅವಳ ಬಲಗೈ ತಾನಾಗಿಯೇ ಸಾಮಾನಿನ ಚೀಲಕ್ಕೆ ಹೋಯಿತು.

“ಏನಾಯ್ತು ಸಾರ್? ಮತ್ತೆ ಬದಿಗೆ ಎಳೀತಿದ್ಯಾ?”

“ಇಲ್ಲಮ್ಮ, ಇಲ್ಲ. ನೆಟ್ಟಗೆ ಹೋಗ್ತಿದೆ.” ಅವರ ದನಿಯ ಹಿಂದೆ ಗಾಳಿ, ನೀರು, ಹಗ್ಗ ಬಡಿಯುವ ಸದ್ದು. “ದೀಪಸ್ತಂಭ ದಾಟಿ ಬಂದ್ವಿ. ದಡ ಇನ್ನೇನು ಕಾಣಲ್ಲ. ತಮ್ಮ ಕೆಳಗೆ ಮಲಗಿ ಗೊರಕೆ ಹೊಡೀತಿದಾನೆ.”

“ಹಾಗಾದ್ರೆ ಫೋನ್ ಯಾಕೆ ಮಾಡಿದ್ರಿ ಸಾರ್?”

“ಸುಮ್ನೆ,” ಎಂದರು ಡಾಕ್ಟರು. “ಚೆನ್ನಾಗಿತ್ತು. ಯಾರಿಗಾದ್ರೂ ಹೇಳೋಣ ಅನ್ನಿಸ್ತು.”